ಮ್ಯಾಸಿ 1035: ಹೊಗೆ, ಬ್ರೀದರ್ ಆವಿ, ಆಯಿಲ್ ಪ್ರೆಷರ್ ಇಳಿತ. ಎಂಜಿನ್ ಬಿಚ್ಚಲೇಬೇಕೆ?

ಮೆಕ್ಕೆಜೋಳ_ಮಂಜು (ರಾಣೆಬೆನ್ನೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 1996ರ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಅಪ್ಪ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅವರ್ ಮೀಟರ್ ನಿಂತು ಎಷ್ಟೋ ಕಾಲವಾಗಿದೆ, ಹಾಗಾಗಿ ಎಷ್ಟು ಗಂಟೆ ಓಡಿದೆ ಎಂದು ದಯವಿಟ್ಟು ಕೇಳಬೇಡಿ.

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹಿಡಿದ ಮೇಲೂ ಸ್ವಲ್ಪ ಹೊತ್ತು ಬಿಳಿ ಹೊಗೆ, ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುವ ಸದ್ದು. ಬಿಸಿಯಾದ ಮೇಲೆ ಬಿಳಿ ಹೋಗುತ್ತದೆ, ಆದರೆ ರೋಟವೇಟರ್ ಹಾಕಿ ಎಳೆದರೆ ಹೊಗೆಗೆ ನೀಲಿ ಛಾಯೆ ಬರುತ್ತದೆ. ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪಿನಿಂದ ಬುಸುಬುಸು ಆವಿ. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೇಲೆ ಸುರಿಯುತ್ತಲೇ ಇರಬೇಕು. ಮಧ್ಯಾಹ್ನ ಕೆಲಸ ನಿಲ್ಲಿಸಿ ಸ್ಲೋದಲ್ಲಿ ಬಿಟ್ಟರೆ ಗೇಜಿನ ಮುಳ್ಳು ಕೆಂಪಿಗೆ ಇಳಿಯುತ್ತದೆ.

ಗ್ಯಾರೇಜಿನವರು ಬಂದು ಒಮ್ಮೆ ರೇಸ್ ಕೊಟ್ಟು ನೋಡಿ, "ಫುಲ್ ಎಂಜಿನ್ ಕೆಲಸ" ಎಂದರು. ಲೈನರ್ (ಸಿಲಿಂಡರಿನ ಒಳಕವಚ), ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ಡೀಸೆಲ್ ಪಂಪ್, ಡೀಸೆಲ್ ಸಿಂಪಡಿಸುವ ಮೂರು ನಾಜಲ್ ಎಲ್ಲವೂ ಪಟ್ಟಿಯಲ್ಲಿವೆ. ಅಷ್ಟು ಹಣ ಹಾಕುವ ಮೊದಲು ಏನನ್ನು ಪರೀಕ್ಷಿಸಬೇಕು? ಮುಂಗಾರಿಗೆ ಮೊದಲು ಗಾಡಿ ಹೊಲಕ್ಕೆ ಇಳಿಯಬೇಕು.

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ಮಂಜು ಅವರೇ, ನೀವು ಬರೆದದ್ದನ್ನು ಓದಿದರೆ ಎಂಜಿನ್ ಸವೆದಿರುವ ಸಂಭವ ಇದೆ ಎಂದು ನಾನೂ ಹೇಳುತ್ತೇನೆ. ಆದರೆ ಯಾವುದು ಸವೆದಿದೆ, ಯಾಕೆ ಸವೆದಿದೆ ಎಂಬುದು ರೇಸ್ ಕೊಟ್ಟು ನೋಡಿದರೆ ತಿಳಿಯುವುದಿಲ್ಲ. ಈ "ಯಾಕೆ" ಗೊತ್ತಾಗದೆ ಹೊಸ ಲೈನರ್ ಹಾಕಿಸಿದವರು ಮರುವರ್ಷ ಅದೇ ಹೊಗೆ ನೋಡಿಕೊಂಡು ಮತ್ತೆ ಬರುತ್ತಾರೆ.

ನೀವು ಹೇಳಿದ ಲಕ್ಷಣಗಳನ್ನು ಒಂದೇ ಗಂಟು ಮಾಡಬೇಡಿ, ಬಿಡಿಸಿ ನೋಡೋಣ. ಬೆಳಗಿನ ಬಿಳಿ ಹೊಗೆ ಎಂದರೆ ಉರಿಯದೆ ಹೊರಬಿದ್ದ ಡೀಸೆಲ್. ಕಂಪ್ರೆಷನ್ ಕಡಿಮೆಯಾದರೂ ಬರುತ್ತದೆ, ನಾಜಲ್ ಹನಿಸಿದರೂ ಬರುತ್ತದೆ, ಪಂಪ್ ಟೈಮಿಂಗ್ ತಡವಾಗಿದ್ದರೂ ಬರುತ್ತದೆ, ಬ್ಯಾಟರಿ ಸೊರಗಿ ಸ್ಟಾರ್ಟರ್ ನಿಧಾನ ತಿರುಗಿದರೂ ಬರುತ್ತದೆ. ಆ ಹೊಗೆ ಬಿಸಿಯಾದ ಮೇಲೂ ಹೋಗದೆ ಸಿಹಿ ವಾಸನೆ ಇದ್ದರೆ ಅದು ಕೂಲಂಟ್, ಬೇರೆ ಕಥೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅದು ಪಿಸ್ಟನ್ ರಿಂಗ್ ದಾಟಿ ಮೇಲೆ ಬಂದಿರಬಹುದು, ವಾಲ್ವ್ ಗೈಡಿನಿಂದ ಇಳಿದಿರಬಹುದು, ಏರ್ ಕ್ಲೀನರಿನಿಂದಲೇ ಎಳೆದುಕೊಂಡಿರಬಹುದು. ಆಯಿಲ್ ಪ್ರೆಷರ್ ಇಳಿಯುವುದಕ್ಕೂ ರಿಂಗಿಗೂ ನೇರ ಸಂಬಂಧವೇ ಇಲ್ಲ, ಅದು ಬೇರಿಂಗ್, ಆಯಿಲ್ ಪಂಪ್, ರಿಲೀಫ್ ವಾಲ್ವಿನ ವಿಷಯ. ಅಥವಾ ಆಯಿಲ್ ತೆಳುವಾಗಿದೆ. ಅಥವಾ ಗೇಜೇ ಸುಳ್ಳು ಹೇಳುತ್ತಿದೆ.

ಹಾಗಾಗಿ ಮೊದಲು ಖರ್ಚಿಲ್ಲದ ಕೆಲಸಗಳು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಿ. ಏರುತ್ತಿದ್ದರೆ ಡೀಸೆಲ್ ಅಥವಾ ನೀರು ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಸೇರುತ್ತಿದೆ. ಲಿಫ್ಟ್ ಪಂಪಿನ ಡಯಾಫ್ರಂ ಹರಿದರೆ ಡೀಸೆಲ್ ಸದ್ದಿಲ್ಲದೆ ಒಳಗೆ ಇಳಿದು, ಆಯಿಲ್ ನೀರಿನಂತೆ ತೆಳುವಾಗಿ, ಒಳ್ಳೆಯ ಬೇರಿಂಗ್ ಇದ್ದರೂ ಪ್ರೆಷರ್ ಬೀಳುತ್ತದೆ. ಎರಡನೆಯದು, ಆಯಿಲ್ ಗೇಜಿನ ಜಾಗಕ್ಕೆ ಗ್ಯಾರೇಜಿನ ಮೆಕ್ಯಾನಿಕಲ್ ಗೇಜ್ ಕಟ್ಟಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಓದಿ. ಮೂರನೆಯದು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿನವರೆಗೆ ಪ್ರತಿ ಹೋಸ್, ಪ್ರತಿ ಕ್ಲಾಂಪ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಧೂಳು ಅಂಟಿದರೆ ಇಲ್ಲಿಗೆ ಬಂದು ಬರೆಯಿರಿ.

ಎರೆಹೊಲ (ಸಿಂಧನೂರು)

ಇಷ್ಟೆಲ್ಲ ಯಾಕೆ? 20W-50 ದಪ್ಪ ಆಯಿಲ್ ಹಾಕಿ, ಜೊತೆಗೆ ಅಂಗಡಿಯಲ್ಲಿ ಸಿಗುವ ಹೊಗೆ ನಿಲ್ಲಿಸುವ ಡಬ್ಬಿ ಒಂದನ್ನು ಸುರಿಯಿರಿ. ನಮ್ಮ ಕಡೆ ಎಲ್ಲರೂ ಹೀಗೇ ಓಡಿಸುತ್ತಾರೆ. ಹಳೆಯ ಗಾಡಿಗೆ ಹೊಸ ಎಂಜಿನ್ ಕೆಲಸ ಮಾಡಿಸಿ ಯಾರಿಗೆ ಲಾಭ?

ಲೇತ್_ಮನೆ (ದಾವಣಗೆರೆ)

ಅಣ್ಣ, ಮುಳ್ಳು ಮೇಲೆ ಬರುವುದು ನಿಜ. ದಪ್ಪ ಆಯಿಲ್ ಸವೆದ ಸಂದಿನಿಂದ ನಿಧಾನವಾಗಿ ಸೋರುತ್ತದೆ, ಅದಕ್ಕೇ ಪ್ರೆಷರ್ ಹೆಚ್ಚು ಕಾಣುತ್ತದೆ. ಬೇರಿಂಗಿಗೆ ಬೇಕಾದದ್ದು ಗೇಜಿನ ಅಂಕಿ ಅಲ್ಲ, ಹರಿದು ಬರುವ ಆಯಿಲ್. ಬೆಳಿಗ್ಗೆ ತಣ್ಣಗಿರುವಾಗ ಆ ದಪ್ಪ ಆಯಿಲ್ ರಾಕರಿನವರೆಗೆ ಹತ್ತಲು ತಡವಾಗುತ್ತದೆ, ಎಂಜಿನ್ ಇನ್ನೂ ಬಿಗಿಯಾಗಿ ತಿರುಗುತ್ತದೆ, ಮೊದಲೇ ಹಿಡಿಯದ ಗಾಡಿ ಇನ್ನಷ್ಟು ಸತಾಯಿಸುತ್ತದೆ. ಮಾರಾಟಕ್ಕೆ ಇಟ್ಟ ಗಾಡಿಗೆ ಈ ಉಪಾಯ ಮಾಡುವವರನ್ನು ಕಂಡಿದ್ದೇನೆ. ಉಳುವ ಗಾಡಿಗೆ ಬೇಡ.

ಮಂಜು ಅವರೇ, ಮೇಸ್ತ್ರಿಗಳು ಹೇಳಿದ ಗೇಜಿನ ಪರೀಕ್ಷೆಗೆ ಒಂದು ಅಳತೆಗೋಲು: ಈ ಎಂಜಿನ್ನಿನ ಮೂಲ ಪರ್ಕಿನ್ಸ್ 3.152. ಮೂರು ಸಿಲಿಂಡರ್, 152 ಘನ ಅಂಗುಲ, ಅಂದರೆ ಸುಮಾರು ಎರಡೂವರೆ ಲೀಟರ್. ಆ ಕುಟುಂಬದ ಎಂಜಿನ್ನುಗಳಲ್ಲಿ ಬಿಸಿಯಾಗಿ ಕೆಲಸದ ವೇಗದಲ್ಲಿ ಓಡುವಾಗ 30ರಿಂದ 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಇರಬೇಕು. ಸ್ಲೋದಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ ಬರುತ್ತದೆ, ಅದನ್ನೊಂದೇ ನೋಡಿ ಗಾಬರಿಯಾಗಬೇಡಿ.

ಕಬ್ಬಿನಗದ್ದೆ_ಸುಮ (ಮದ್ದೂರು)

ಬ್ರೀದರ್ ಬಗ್ಗೆ ಒಂದು ಮಾತು. ನಮ್ಮ ಗಾಡಿಯಲ್ಲಿ ಹಿಂದಿನ ಕ್ರ್ಯಾಂಕ್ ಸೀಲಿನಿಂದ ಆಯಿಲ್ ಸೋರಿ ಕ್ಲಚ್ ಜಾರುತ್ತಿತ್ತು. ಸೀಲ್ ಬದಲಿಸಿದರೂ ಮತ್ತೆ ಸೋರಿತು. ಆಗ ಎಲ್ಲರೂ "ರಿಂಗ್ ಹೋಗಿದೆ, ಒಳಗೆ ಪ್ರೆಷರ್ ಆಗುತ್ತಿದೆ" ಎಂದರು. ಬ್ರೀದರ್ ಪೈಪ್ ಬಿಚ್ಚಿ ನೋಡಿದರೆ ಒಳಗೆಲ್ಲ ಮಣ್ಣು ಮತ್ತು ಆಯಿಲ್ ಸೇರಿದ ಗಟ್ಟಿ ಮಡ್ಡಿ. ಕಣಜದ ಹುಳುವೂ ಅದರ ಬಾಯಿಯಲ್ಲಿ ಮನೆ ಕಟ್ಟಿತ್ತು. ಡೀಸೆಲಿನಲ್ಲಿ ತೊಳೆದು ಹಾಕಿದ ಮೇಲೆ ಸೋರಿಕೆ ನಿಂತಿತು. ಹಾಗಾಗಿ ಆವಿ ಎಷ್ಟು ಬರುತ್ತದೆ ಎಂದು ತೀರ್ಮಾನಿಸುವ ಮೊದಲು ದಾರಿ ಸ್ವಚ್ಛವಾಗಿದೆಯೇ ನೋಡಿ.

ನೋಡುವ ಸುಲಭ ವಿಧಾನ: ಎಂಜಿನ್ ಕಾದ ಮೇಲೆ ಸ್ಲೋದಲ್ಲಿ ಬಿಟ್ಟು, ಆಯಿಲ್ ಸುರಿಯುವ ಮುಚ್ಚಳವನ್ನು ತಲೆಕೆಳಗಾಗಿ ಆ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಅಲುಗಿದರೆ ಹಳೆಯ ಗಾಡಿಗೆ ಅದು ಸಹಜ. ಕುಣಿದು ಕೆಳಗೆ ಬಿದ್ದರೆ ರಿಂಗ್ ದಾಟಿ ಗ್ಯಾಸ್ ಇಳಿಯುತ್ತಿದೆ.

ಇನ್ನೊಂದು, ನಿಮ್ಮದು ಆಯಿಲ್ ಬಾತ್ ಏರ್ ಕ್ಲೀನರ್ ಅಲ್ಲವೇ? ಬಟ್ಟಲಿನಲ್ಲಿ ಗುರುತಿನ ಗೆರೆಯವರೆಗೆ ಮಾತ್ರ ಆಯಿಲ್ ಇರಬೇಕು. ಹೆಚ್ಚು ಇರಲಿ ಎಂದು ತುಂಬಿಸಿದರೆ ಎಂಜಿನ್ ಅದನ್ನೇ ಎಳೆದುಕೊಂಡು ನೀಲಿ ಹೊಗೆ ಬಿಡುತ್ತದೆ. ಕಡಿಮೆ ಇದ್ದರೆ ಧೂಳು ನೇರ ಒಳಗೆ.

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ಸುಮಕ್ಕ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಏರ್ ಕ್ಲೀನರಿನ ಆಯಿಲ್ ಆಗಲಿ, ಬ್ರೀದರಿನ ಆವಿಯಾಗಲಿ ಹೆಚ್ಚಾಗಿ ಎಂಜಿನ್ನಿಗೆ ಹೋದರೆ ಡೀಸೆಲ್ ಕಟ್ ಮಾಡಿದರೂ ಗಾಡಿ ನಿಲ್ಲದೆ ತಾನೇ ರೇಸ್ ಏರಿಸಿಕೊಂಡು ಹೋಗುತ್ತದೆ. ಆಗ ಗಾಳಿಯ ಬಾಯಿಯನ್ನು ಹಲಗೆ ತುಂಡಿನಿಂದ ಮುಚ್ಚಿ ನಿಲ್ಲಿಸಬೇಕು, ಕೈ ಅಡ್ಡ ಇಡಬಾರದು. ಪರೀಕ್ಷೆ ಮಾಡುವ ದಿನ ಒಂದು ಹಲಗೆ ಪಕ್ಕದಲ್ಲೇ ಇರಲಿ.

ಮೆಕ್ಕೆಜೋಳ_ಮಂಜು (ರಾಣೆಬೆನ್ನೂರು)

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ನೋಡಿದೆ.

ಡಿಪ್‌ಸ್ಟಿಕ್: ಮಟ್ಟ ಇಳಿಯುತ್ತದೆ, ಏರುವುದಿಲ್ಲ. ಡೀಸೆಲ್ ವಾಸನೆ ಇಲ್ಲ, ಹಾಲುಬಣ್ಣವೂ ಇಲ್ಲ. ಬ್ರೀದರ್ ತೊಳೆದು ಹಾಕಿದೆ. ಮುಚ್ಚಳ ಮಾತ್ರ ಕುಣಿದು ನೆಲಕ್ಕೆ ಬಿತ್ತು. ಮೆಕ್ಯಾನಿಕಲ್ ಗೇಜಿನಲ್ಲಿ ಬಿಸಿಯಾದ ಮೇಲೆ ಪೂರ್ಣ ವೇಗದಲ್ಲಿ 28 ಪಿಎಸ್‌ಐ, ಸ್ಲೋದಲ್ಲಿ 12. ಅಂದರೆ ನಮ್ಮ ಗೇಜ್ ಸ್ವಲ್ಪ ಹೆಚ್ಚೇ ಹೆದರಿಸುತ್ತಿತ್ತು, ಆದರೂ ಪೂರ್ತಿ ಸುಳ್ಳಲ್ಲ.

ಏರ್ ಹೋಸ್ ವಿಷಯ ಬರೆಯಲು ನಾಚಿಕೆಯಾಗುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇದೆ. ಬಿಚ್ಚಿ ತಿರುಗಿಸಿದರೆ ಕೆಳಬದಿಯಲ್ಲಿ ಕ್ಲಾಂಪಿನ ಅಂಚಿಗೆ ಉದ್ದಕ್ಕೆ ಸೀಳಿದೆ. ಮ್ಯಾನಿಫೋಲ್ಡಿನ ಒಳಗೆ ಬೆರಳು ಹಾಕಿದರೆ ಕೆಂಪು ಮಣ್ಣಿನ ತೆಳುವಾದ ಪದರ. ಚಿತ್ರ ಹಾಕಿದ್ದೇನೆ.

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ಸಿಕ್ಕಿತು. ಚಿತ್ರದಲ್ಲಿ ಸೀಳಿನ ನೇರಕ್ಕೆ ಮಣ್ಣು ಬೀಸಣಿಗೆಯ ಹಾಗೆ ಹರಡಿದೆ ನೋಡಿ. ಅಲ್ಲಿಂದಲೇ ಎಳೆದಿದೆ. ಒಳಗೆ ಹೋದ ಮಣ್ಣು ಆಯಿಲಿನ ಜೊತೆ ಸೇರಿ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಮೊದಲು ಮೇಲಿನ ರಿಂಗ್ ಮತ್ತು ಲೈನರಿನ ಮೇಲ್ಭಾಗವನ್ನು ತಿನ್ನುತ್ತದೆ, ಆಮೇಲೆ ಚೇಂಬರಿಗೆ ಇಳಿದು ಬೇರಿಂಗನ್ನು. ನಿಮ್ಮ ಎರಡೂ ದೂರುಗಳಿಗೆ ಒಂದೇ ಮೂಲ ಇದ್ದರೂ ಇರಬಹುದು.

ಈಗ ಒಂದೊಂದೇ ಸಿಲಿಂಡರನ್ನು ಪ್ರತ್ಯೇಕಿಸೋಣ. ಎಂಜಿನ್ ಸ್ಲೋದಲ್ಲಿ ಓಡುವಾಗ ನಾಜಲ್‌ಗೆ ಹೋಗುವ ಪೈಪಿನ ನಟ್ ಅನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ. ಸರಿಯಿರುವ ಸಿಲಿಂಡರ್ ಆದರೆ ಎಂಜಿನ್ ತಕ್ಷಣ ಕುಂಟುತ್ತದೆ. ಸಡಿಲಿಸಿದರೂ ಸದ್ದಿನಲ್ಲಿ ಬದಲಾವಣೆ ಇಲ್ಲ ಎಂದರೆ ಆ ಸಿಲಿಂಡರ್ ಮೊದಲೇ ಸರಿಯಾಗಿ ದುಡಿಯುತ್ತಿರಲಿಲ್ಲ. ಕನ್ನಡಕ ಹಾಕಿಕೊಳ್ಳಿ, ನಟ್ ಮೇಲೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಿಡಿಯಿರಿ. ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ, ನೋವು ಕಡಿಮೆ ಎಂದು ಉದಾಸೀನ ಮಾಡಿ ಬೆರಳು ಕಳೆದುಕೊಂಡವರಿದ್ದಾರೆ. ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೀಗೆ ಸಡಿಲಿಸುವಾಗ ಬಡಿತದ ಸದ್ದನ್ನೂ ಕೇಳಿ. ಒಂದು ಸಿಲಿಂಡರಿನ ನಟ್ ಸಡಿಲಿಸಿದಾಗ ಆಳವಾದ ಬಡಿತ ಕಡಿಮೆಯಾದರೆ ಆ ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಅನುಮಾನ. ತಣ್ಣಗಿರುವಾಗ ಇದ್ದು ಬಿಸಿಯಾದ ಮೇಲೆ ಕರಗುವ ಸದ್ದಾದರೆ ಪಿಸ್ಟನ್ ಲೈನರಿಗೆ ಬಡಿಯುವುದು. ಭಾರ ಹಾಕಿದಾಗ ಮಾತ್ರ ಬರುವ ಮಂದವಾದ ಗುದ್ದಾದರೆ ಮೇನ್ ಬೇರಿಂಗ್.

ಆಮೇಲೆ ಕಂಪ್ರೆಷನ್. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಅಳೆಯುವ ಗೇಜೇ ಬೇಕು, ಬೈಕಿನವರ ಹತ್ತಿರ ಇರುವುದು ಈ ಒತ್ತಡಕ್ಕೆ ಸಾಲದು. ಎಂಜಿನ್ ಕಾದಿರಬೇಕು, ಬ್ಯಾಟರಿ ತುಂಬಿರಬೇಕು, ಮೂರೂ ನಾಜಲ್ ಬಿಚ್ಚಿರಬೇಕು, ಡೀಸೆಲ್ ಬಂದ್ ಇರಬೇಕು. ಅದಕ್ಕೂ ಮೊದಲು ಟ್ಯಾಪೆಟ್ ಸಂದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವಿನ ಸಂದು ನೋಡಿ. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಅಳೆದು ಪ್ರಯೋಜನವಿಲ್ಲ. ಈ ಎಂಜಿನ್ನಿನ ಮೂಲದಲ್ಲಿ ತಣ್ಣಗಿರುವಾಗ 12 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.30 ಮಿ.ಮೀ.

ಪುಣೆ_ಕನ್ನಡಿಗ

ನಾನು ಎಂಜಿನ್ ಪರೀಕ್ಷೆಯ ಕೆಲಸದಲ್ಲಿದ್ದೇನೆ, ಒಂದು ಸಣ್ಣ ಸೇರ್ಪಡೆ. ಕಂಪ್ರೆಷನ್ ಕಡಿಮೆ ಬಂದರೆ ಸಿಲಿಂಡರಿಗೆ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ, ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಅದು ಸರಿ. ಡೈರೆಕ್ಟ್ ಇಂಜೆಕ್ಷನ್ ಡೀಸೆಲಿನಲ್ಲಿ ಪಿಸ್ಟನ್ ತಲೆಯಲ್ಲೇ ಗುಂಡಿ ಇರುತ್ತದೆ, ಆಯಿಲ್ ಅಲ್ಲೇ ನಿಂತು ರಿಂಗಿಗೆ ತಲುಪುವುದೇ ಇಲ್ಲ. ಜೊತೆಗೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆ. ಆ ಜಾಗವನ್ನು ಆಯಿಲ್ ತುಂಬಿಕೊಂಡರೆ ರಿಂಗ್ ಹೇಗೇ ಇದ್ದರೂ ಅಂಕಿ ಏರುತ್ತದೆ. ಹೆಚ್ಚು ಸುರಿದರೆ ರಾಡ್ ಬಾಗುತ್ತದೆ.

ಅದಕ್ಕಿಂತ ಕಂಪ್ರೆಸರ್ ಗಾಳಿಯ ಪರೀಕ್ಷೆ ಉತ್ತಮ. ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ನಾಜಲ್ ತೂತಿನಿಂದ ಗಾಳಿ ಬಿಟ್ಟು, ಎಲ್ಲಿ ಸುಯ್ಯೆನ್ನುತ್ತದೆ ಎಂದು ಕಿವಿಗೊಡಿ. ಏರ್ ಕ್ಲೀನರ್ ಕಡೆ ಕೇಳಿದರೆ ಇನ್ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಕೇಳಿದರೆ ಎಗ್ಸಾಸ್ಟ್ ವಾಲ್ವ್. ಆಯಿಲ್ ಬಾಯಿಯಲ್ಲಾದರೆ ರಿಂಗ್ ಮತ್ತು ಲೈನರ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಗಾಳಿ ಬಿಟ್ಟಾಗ ಕ್ರ್ಯಾಂಕ್ ತಿರುಗಬಹುದು, ಫ್ಯಾನ್ ಹತ್ತಿರ ಕೈ ಇರಬಾರದು.

ಸಾಧ್ಯವಾದರೆ ಹಳೆಯ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಸಿಲಿಕಾನ್ ಹೆಚ್ಚಿದ್ದು ಜೊತೆಗೆ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಏರಿದ್ದರೆ ಧೂಳಿನ ಸವೆತ. ಸೀಸ, ತಾಮ್ರ, ತವರ ಏರಿದ್ದರೆ ಬೇರಿಂಗ್.

ಲೇತ್_ಮನೆ (ದಾವಣಗೆರೆ)

ಪ್ರಯೋಗಾಲಯ ದೂರವಾದರೆ ಹಳೆಯ ಆಯಿಲ್ ಫಿಲ್ಟರನ್ನೇ ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಪುಡಿ ಲೈನರ್, ರಿಂಗ್, ಕ್ರ್ಯಾಂಕಿನದು. ಅಂಟದೆ ಹಳದಿ ಕೆಂಪಾಗಿ ಹೊಳೆದರೆ ಬೇರಿಂಗಿನ ತಾಮ್ರ. ಖರ್ಚು ಒಂದು ಹ್ಯಾಕ್ಸಾ ಬ್ಲೇಡ್.

ಮೆಕ್ಕೆಜೋಳ_ಮಂಜು (ರಾಣೆಬೆನ್ನೂರು)

ಬೇರೆ ಊರಿನ ಮೆಕ್ಯಾನಿಕ್ ಒಬ್ಬರ ಬಳಿ ಡೀಸೆಲ್ ಗೇಜ್ ಇತ್ತು. ಟ್ಯಾಪೆಟ್ ನೋಡಿದಾಗ ಮೂರನೆಯ ಸಿಲಿಂಡರಿನ ಎಗ್ಸಾಸ್ಟಿನಲ್ಲಿ ಸಂದೇ ಇರಲಿಲ್ಲ, ಫೀಲರ್ ಗೇಜ್ ತೂರಲೇ ಇಲ್ಲ. ಸರಿಮಾಡಿ ಅಳೆದೆವು. ಒಂದನೆಯದು 340, ಎರಡನೆಯದು 330, ಮೂರನೆಯದು 240 ಪಿಎಸ್‌ಐ. ನಟ್ ಸಡಿಲಿಸಿದಾಗಲೂ ಮೂರನೆಯದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗಾಳಿ ಬಿಟ್ಟಾಗ ಮೂರನೆಯದು ಸೈಲೆನ್ಸರಿನಲ್ಲಿ ಜೋರಾಗಿ ಸುಯ್ಯೆಂದಿತು. ಆಯಿಲ್ ಬಾಯಿಯಲ್ಲಿ ಮೂರು ಸಿಲಿಂಡರಿಗೂ ಸದ್ದು ಇದೆ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಫಿಲ್ಟರ್ ಕತ್ತರಿಸಿದರೆ ತಾಮ್ರದ ಬಣ್ಣದ ಕಣಗಳು ಅಲ್ಲಲ್ಲಿ ಇವೆ.

ಅಪ್ಪ ಈಗ ಹೆಡ್ ಮಾತ್ರ ಇಳಿಸಿ ವಾಲ್ವ್ ಕೆಲಸ ಮಾಡಿಸೋಣ, ಉಳಿದದ್ದು ಮುಂದಿನ ವರ್ಷ ಎನ್ನುತ್ತಾರೆ. ಸರಿಯೇ?

ಎರೆಹೊಲ (ಸಿಂಧನೂರು)

ಅಪ್ಪ ಹೇಳುವುದೇ ಸರಿ. ಒಂದು ವಾಲ್ವಿನಿಂದ ಬಂದ ತೊಂದರೆಗೆ ಎಂಜಿನ್ ಪೂರ್ತಿ ಬಿಚ್ಚುವುದು ಯಾವ ನ್ಯಾಯ? ಹೋಸ್ ಬದಲಿಸಿ, ವಾಲ್ವ್ ಕೂರಿಸಿ, ಓಡಿಸಿ.

ಲೇತ್_ಮನೆ (ದಾವಣಗೆರೆ)

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಅದು ಸರಿಯಾದ ಉತ್ತರ. ಬಿಳಿ ಹೊಗೆಯೂ ಬಹುಪಾಲು ಹೋಗುತ್ತದೆ. ಆದರೆ ಆಯಿಲ್ ಕುಡಿಯುವುದು, ಮುಚ್ಚಳ ಕುಣಿಯುವುದು, 28 ಪಿಎಸ್‌ಐ, ತಾಮ್ರದ ಕಣ, ಈ ನಾಲ್ಕಕ್ಕೂ ವಾಲ್ವಿಗೂ ಸಂಬಂಧ ಇಲ್ಲ. ಸವೆದ ಕೆಳಭಾಗದ ಮೇಲೆ ಹೊಸ ವಾಲ್ವಿನ ಹೆಡ್ ಕೂರಿಸಿದರೆ ಕಂಪ್ರೆಷನ್ ಹೆಚ್ಚಾಗಿ ಹಳೆಯ ಬೇರಿಂಗಿನ ಮೇಲೆ ಹೊರೆ ಇನ್ನೂ ಬೀಳುತ್ತದೆ.

ಹಾಗೆಂದು ಗ್ಯಾರೇಜಿನವರ ಪಟ್ಟಿಯನ್ನು ಪೂರ್ತಿ ಒಪ್ಪಬೇಕೆಂದೂ ಇಲ್ಲ. ಹೆಡ್ ಇಳಿಸಿ. ಲೈನರಿನ ಮೇಲ್ತುದಿಯಲ್ಲಿ ರಿಂಗ್ ನಿಲ್ಲುವ ಜಾಗದ ಮೇಲೆ ಉಗುರು ಎಳೆಯಿರಿ. ಮೆಟ್ಟಿಲಿಗೆ ಉಗುರು ಗಟ್ಟಿಯಾಗಿ ತಡೆದರೆ ಸವೆತ ಇದೆ. ಆದರೆ ಉಗುರಿನ ಸಾಕ್ಷ್ಯದ ಮೇಲೆ ಹಣ ಕೊಡಬೇಡಿ, ಬೋರ್ ಡಯಲ್ ಗೇಜ್ ಹಾಕಿಸಿ. ಮೇಲೆ, ಮಧ್ಯೆ, ಕೆಳಗೆ. ಕ್ರ್ಯಾಂಕಿಗೆ ಉದ್ದಕ್ಕೆ ಮತ್ತು ಅಡ್ಡಕ್ಕೆ. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಮೇಲ್ಭಾಗದಲ್ಲೇ ಸವೆತ ಹೆಚ್ಚು ಇರುತ್ತದೆ, ಕೆಳಗೆ ಹೆಚ್ಚುಕಡಿಮೆ ಮೂಲ ಅಳತೆಯೇ ಉಳಿದಿರುತ್ತದೆ. ಎರಡರ ವ್ಯತ್ಯಾಸವೇ ನಿಮ್ಮ ಸವೆತ. ಮೇಲಿನ ರಿಂಗನ್ನು ಲೈನರಿನ ಕೆಳಭಾಗಕ್ಕೆ ನೇರವಾಗಿ ತಳ್ಳಿ ಗ್ಯಾಪ್ ನೋಡಿ. ಅಂದಾಜಿಗೆ ಹೊಸ ರಿಂಗಿನದು ಬೋರಿನ ಪ್ರತಿ ಇಂಚಿಗೆ ಮೂರು ನಾಲ್ಕು ಥೌ, ಅಂದರೆ ಈ 3.6 ಇಂಚಿನ ಬೋರಿಗೆ ಹನ್ನೊಂದರಿಂದ ಹದಿನಾಲ್ಕು ಥೌ. ಕೆಳಗೆ ಇಟ್ಟು ನೋಡಿದಾಗಲೂ ಅದರ ಹಲವು ಪಟ್ಟು ಇದ್ದರೆ ರಿಂಗ್ ಮುಖವೇ ಸವೆದಿದೆ, ಅದು ಧೂಳಿನ ಗುರುತು.

ಕ್ರ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆಯದೆ ಗ್ರೈಂಡಿಂಗಿಗೆ ಹಾಕಲು ಒಪ್ಪಬೇಡಿ. ಎಷ್ಟೋ ಸಲ ಬೇರಿಂಗ್ ಸವೆದಿರುತ್ತದೆ, ಕ್ರ್ಯಾಂಕ್ ಹಾಗೇ ಇರುತ್ತದೆ. ಒಮ್ಮೆ ಗ್ರೈಂಡ್ ಮಾಡಿದರೆ ಹತ್ತು ಥೌ ಕಡಿಮೆಯ ಟೆನ್ ಸೈಜ್, ಆಮೇಲೆ ಟ್ವೆಂಟಿ, ಥರ್ಟಿ. ಆ ಆಯಸ್ಸನ್ನು ಸುಮ್ಮನೆ ಖರ್ಚು ಮಾಡುವುದೇಕೆ? ಇದು ನನ್ನ ವ್ಯಾಪಾರಕ್ಕೆ ವಿರುದ್ಧದ ಮಾತು, ಆದರೂ ಹೇಳುತ್ತೇನೆ.

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ನನ್ನದೂ ಅದೇ ಅಭಿಪ್ರಾಯ. ಪಂಪಿನ ಬಗ್ಗೆ: ನಿಮ್ಮ ಗಾಡಿ ಕಪ್ಪು ಹೊಗೆ ಬಿಡುತ್ತಿಲ್ಲ, ಎರಡು ಸಿಲಿಂಡರ್ ಸರಿಯಾಗಿ ದುಡಿಯುತ್ತಿವೆ. ಪಂಪ್ ಮುಟ್ಟಲು ಕಾರಣವೇ ಇಲ್ಲ. ನಾಜಲ್‌ಗಳನ್ನು ಮಾತ್ರ ಟೆಸ್ಟರಿಗೆ ಹಾಕಿಸಿ, ಹನಿಸುವುದನ್ನಷ್ಟೇ ಬದಲಿಸಿ. ಹನಿಸುವ ನಾಜಲ್ ಲೈನರಿನ ಮೇಲಿನ ಆಯಿಲನ್ನು ತೊಳೆದುಹಾಕುತ್ತದೆ, ಆ ಸಿಲಿಂಡರ್ ಬೇಗ ಸವೆಯಲು ಅದೂ ಒಂದು ಕಾರಣ.

ಕೆಲಸಕ್ಕೆ ಇಳಿಯುವಾಗ ಒಂದು ನೆನಪಿರಲಿ. ಟ್ರ್ಯಾಕ್ಟರಿನಲ್ಲಿ ಎಂಜಿನ್ನೇ ಚಾಸಿ. ಮುಂದಿನ ಆಕ್ಸಲ್ ಭಾಗ ಮತ್ತು ಗೇರ್‌ಬಾಕ್ಸ್ ಎರಡಕ್ಕೂ ಗಟ್ಟಿ ಆಸರೆ ಕೊಡದೆ ಒಂದು ಬೋಲ್ಟ್ ಕೂಡ ಸಡಿಲಿಸಬಾರದು. ಕಲ್ಲು ಜೋಡಿಸಿ ಕೆಲಸ ಮಾಡುವ ಗ್ಯಾರೇಜಿಗೆ ಕೊಡಬೇಡಿ.

ಮೆಕ್ಕೆಜೋಳ_ಮಂಜು (ರಾಣೆಬೆನ್ನೂರು)

ಬಿಚ್ಚಿಯಾಯಿತು. ಅಪ್ಪನೂ ಪಕ್ಕದಲ್ಲೇ ಕುಳಿತು ನೋಡಿದರು.

ಮೂರನೆಯ ಎಗ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು ಕಚ್ಚಿದಂತಾಗಿದೆ. ಲೈನರ್ ಮೂರೂ ಮೇಲ್ಭಾಗದಲ್ಲಿ ಸವೆದಿವೆ, ಕಂಪನಿಯ ಪುಸ್ತಕದ ಮಿತಿಯನ್ನು ದಾಟಿವೆ. ಮೇಲಿನ ರಿಂಗುಗಳ ಕ್ರೋಮ್ ಪೂರ್ತಿ ಹೋಗಿದೆ. ಮೇನ್ ಮತ್ತು ರಾಡ್ ಬೇರಿಂಗುಗಳ ಬೂದು ಪದರ ಸವೆದು ಅಲ್ಲಲ್ಲಿ ತಾಮ್ರ ಕಾಣುತ್ತಿದೆ. ಕ್ರ್ಯಾಂಕ್ ಅಳತೆ ಎಲ್ಲ ಕಡೆ ಮಿತಿಯೊಳಗೇ ಇದೆ, ಗೀರೂ ಇಲ್ಲ. ನಾಜಲ್‌ಗಳಲ್ಲಿ ಮೂರನೆಯದು ಮಾತ್ರ ಹನಿಸುತ್ತಿತ್ತು.

ಹಾಗಾಗಿ ಲೈನರ್, ಪಿಸ್ಟನ್, ರಿಂಗ್ ಸೆಟ್, ಸ್ಟಾಂಡರ್ಡ್ ಸೈಜಿನ ಬೇರಿಂಗ್, ಎಗ್ಸಾಸ್ಟ್ ವಾಲ್ವ್, ಒಂದು ನಾಜಲ್. ಕ್ರ್ಯಾಂಕ್ ಗ್ರೈಂಡಿಂಗ್ ಇಲ್ಲ, ಪಂಪ್ ಬಿಚ್ಚಿಲ್ಲ. ಮೊದಲ ಗ್ಯಾರೇಜಿನವರು ಹೇಳಿದ್ದು ಅರ್ಧ ಸರಿಯಾಗಿತ್ತು ಎನ್ನಬೇಕು. ಆದರೆ ಹೋಸ್ ಅವರ ಪಟ್ಟಿಯಲ್ಲಿ ಇರಲೇ ಇಲ್ಲ.

ಲೇತ್_ಮನೆ (ದಾವಣಗೆರೆ)

ಬಹಳ ಒಳ್ಳೆಯದು. ಕಿಟ್ ತರುವಾಗ ಮಾಡೆಲ್ ಹೆಸರು ಹೇಳಿ ತರಬೇಡಿ, ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಇದು ಡ್ರೈ ಲೈನರ್, ಬ್ಲಾಕಿಗೆ ಒತ್ತಿ ಕೂರಿಸುವುದು. ಕೂರಿಸಿದ ಮೇಲೆ ಬೋರ್ ಮತ್ತು ಹೋನಿಂಗ್ (ಒಳಮೈಯನ್ನು ಸಾಣೆಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು) ಬೇಕಾದ ಜಾತಿಯೋ, ಮೊದಲೇ ಅಳತೆಗೆ ಬಂದದ್ದೋ ಅಂಗಡಿಯಲ್ಲೇ ಕೇಳಿ. ಹೋನಿಂಗ್ ಆದ ಮೇಲೆ ಡೀಸೆಲಿನಲ್ಲಿ ಒರೆಸಿದರೆ ಸಾಲದು, ಸೋಪು ಮತ್ತು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ಸ್ವಚ್ಛವಾದ ಮೇಲೆ ಆಯಿಲ್ ಸವರಬೇಕು. ಹೋನಿಂಗ್ ಪುಡಿ ಉಳಿದರೆ ಹೋಸಿನಿಂದ ಬಂದ ಮಣ್ಣು ಮಾಡಿದ ಕೆಲಸವನ್ನು ಅದೇ ಮಾಡುತ್ತದೆ. ಆಯಿಲ್ ಪಂಪನ್ನೂ ಬಿಚ್ಚಿ ಗೀರು ನೋಡಿಸಿ, ರಿಲೀಫ್ ವಾಲ್ವ್ ಅಂಟದೆ ಜಾರುತ್ತದೆಯೇ ನೋಡಿಸಿ.

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ಹೊಸ ಎಂಜಿನ್ ಎಂದು ಮುದ್ದು ಮಾಡಿ ಗಂಟೆಗಟ್ಟಲೆ ಸ್ಲೋದಲ್ಲಿ ಓಡಿಸುವವರಿದ್ದಾರೆ. ಅದೇ ತಪ್ಪು. ಭಾರವೇ ಇಲ್ಲದಿದ್ದರೆ ರಿಂಗ್ ಲೈನರಿಗೆ ಒತ್ತುವುದಿಲ್ಲ, ಲೈನರಿನ ಮೇಲೆ ಗಾಜಿನಂತಹ ಪದರ ಕಟ್ಟಿ ಮತ್ತೆ ಆಯಿಲ್ ಕುಡಿಯಲು ಶುರುವಾಗುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ಪ್ರೆಷರ್ ಬಂತೇ ನೋಡಿ, ಎಂಜಿನ್ ಕಾಯಲಿ, ಆಮೇಲೆ ಕಲ್ಟಿವೇಟರ್ ಹಾಕಿ ಮಧ್ಯಮ ಭಾರದಲ್ಲಿ ಓಡಿಸಿ. ಆಳದ ನೇಗಿಲು, ಕಬ್ಬಿನ ಲೋಡು, ಪೂರ್ತಿ ರೇಸ್ ಆರಂಭದಲ್ಲಿ ಬೇಡ. ಮೊದಲ ಆಯಿಲ್ ಮತ್ತು ಫಿಲ್ಟರನ್ನು ಸುಮಾರು 50 ಗಂಟೆಗೆ ಬದಲಿಸಿ, ಆಗಲೇ ಹೆಡ್ ಬೋಲ್ಟುಗಳ ಟಾರ್ಕ್ ಮತ್ತು ಟ್ಯಾಪೆಟ್ ಮತ್ತೊಮ್ಮೆ ನೋಡಿಸಿ. ಅವರ್ ಮೀಟರನ್ನೂ ಈ ಸಲ ರಿಪೇರಿ ಮಾಡಿಸಿಬಿಡಿ, ಇಲ್ಲವಾದರೆ ಈ 50 ಗಂಟೆಯನ್ನು ಹೇಗೆ ಎಣಿಸುತ್ತೀರಿ?

ಕಬ್ಬಿನಗದ್ದೆ_ಸುಮ (ಮದ್ದೂರು)

ಹೋಸನ್ನು ಟ್ಯೂಬ್ ತುಂಡು ಸುತ್ತಿ ತಂತಿ ಕಟ್ಟಿ ನಿಭಾಯಿಸಬೇಡಿ, ಹೊಸದೇ ಹಾಕಿ. ಒಣ ಹೊಲದಲ್ಲಿ ರೋಟವೇಟರ್ ಓಡುವ ದಿನಗಳಲ್ಲಿ ಆಯಿಲ್ ಬಾತ್ ಬಟ್ಟಲನ್ನು ಪ್ರತಿದಿನ ಬಿಚ್ಚಿ ನೋಡಿ. ತಳದಲ್ಲಿ ಕೆಸರು ನಿಂತಿದ್ದರೆ ವಾರ ಕಾಯದೆ ಬದಲಿಸಿ.

ಎರೆಹೊಲ (ಸಿಂಧನೂರು)

ಓದಿದೆ. ನಮ್ಮ ಗಾಡಿಯ ಹೋಸನ್ನು ನಾಳೆ ತಿರುಗಿಸಿ ನೋಡುತ್ತೇನೆ. ಡಬ್ಬಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ತೋಟದಹಾದಿ (ತಿಪಟೂರು)

ಇದೇ ಚರ್ಚೆಯಲ್ಲಿ ಕೇಳಬಹುದೇ? ನಮ್ಮದು ಎಚ್‌ಎಂಟಿ ಝೆಟಾರ್ 2511, ಎರಡು ಸಿಲಿಂಡರ್. ಡಿಪ್‌ಸ್ಟಿಕ್ ಮಟ್ಟ ಏರುತ್ತಿದೆ, ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ. 2016ರಲ್ಲಿ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನವಾದ ಮೇಲೆ ನಮ್ಮ ಕಡೆ ಬಿಡಿಭಾಗಕ್ಕೆ ಅಲೆದಾಟವಾಗಿದೆ. ಇದೂ ಸವೆತವೇ?

ಡೀಸೆಲ್_ಮೇಸ್ತ್ರಿ (ಶಿವಮೊಗ್ಗ)

ಅದು ನೀರು ಸೇರಿರುವುದು. ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ, ಆ ಆಯಿಲಿನಲ್ಲಿ ಒಂದು ದಿನ ಓಡಿಸಿದರೂ ಬೇರಿಂಗ್ ಹೋಗುತ್ತದೆ. ನಿಮ್ಮದು ವೆಟ್ ಲೈನರ್, ಅದರ ಹೊರಮೈಗೇ ನೀರು ತಾಗುತ್ತದೆ. ಕೆಳಗಿನ ರಬ್ಬರ್ ರಿಂಗುಗಳು ಗಟ್ಟಿಯಾಗಿ ಬಿರಿದರೆ ನೀರು ನೇರ ಚೇಂಬರಿಗೆ ಇಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕಿನಿಂದಲೂ ಬರಬಹುದು. ಆಯಿಲ್ ಇಳಿಸಿ, ಚೇಂಬರ್ ಬಿಚ್ಚಿ, ಕೆಳಗೆ ಹಳೆಯ ಪೇಪರ್ ಹಾಸಿ, ರೇಡಿಯೇಟರ್ ತುಂಬಿಸಿ ಕೈಪಂಪಿನಿಂದ ಸ್ವಲ್ಪ ಒತ್ತಡ ಕೊಟ್ಟು ರಾತ್ರಿ ಹಾಗೇ ಬಿಡಿ. ಲೈನರಿನ ಹೊರ ಅಂಚಿನಿಂದ ಹನಿ ಇಳಿದರೆ ರಬ್ಬರ್ ರಿಂಗ್, ಲೈನರಿನ ಒಳಗೋಡೆಯಿಂದ ಇಳಿದರೆ ಮೇಲಿನ ತೊಂದರೆ ಅಥವಾ ಲೈನರಿನಲ್ಲೇ ತೂತು. ರಬ್ಬರ್ ರಿಂಗುಗಳಷ್ಟೇ ಆದರೆ ಅಳತೆ ಕೊಟ್ಟರೆ ಸಾಕು, ಅದಕ್ಕೆ ಕಂಪನಿಯ ಡಬ್ಬಿಯೇ ಬೇಕೆಂದಿಲ್ಲ. ಎಣ್ಣೆ ಮತ್ತು ಬಿಸಿ ತಡೆಯುವ ರಬ್ಬರ್ ಎಂದು ಕೇಳಿ ತೆಗೆದುಕೊಳ್ಳಿ. ಯಾವ ಸಿಲಿಂಡರಿನಿಂದ ಇಳಿಯಿತು ಎಂದು ನೋಡಿ ಹೊಸ ಚರ್ಚೆ ಶುರುಮಾಡಿ, ಅಲ್ಲಿ ಮುಂದುವರಿಸೋಣ.